ತೆಂಗಿನ ಮರದಿಂದ ಇಳಿದು ಬಂದ ಭೋಂಗಾ

ನಮ್ಮ ಮನೆಗೆ ಮೊದಲ ಸಲ ಬಂದವರು ಆ ಕೋಣೆಯ ಬಾಗಿಲಲ್ಲಿ ನಿಂತು, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳುತ್ತಾರೆ. ಸ್ವಲ್ಪ ಸಲಿಗೆಯವರಾದರೆ, ಈ ಸಲ ಪಂಚಾಯತಿಗೆ ನಿಲ್ಲುವ ವಿಚಾರವಾ ಎಂದು ನಗುತ್ತಾರೆ. ತಪ್ಪು ಅವರದಲ್ಲ. ಗೋಡೆ ತುಂಬ ಹಳೆಯ ಗೋದಡಿ ತೂಗುಹಾಕಿದ ಸಣ್ಣ ಕೋಣೆಯಲ್ಲಿ ಮದುವೆ ಚಪ್ಪರದ ತಗಡಿನ ಹಾರ್ನು ಎರಡು ಬಾಯಿ ತೆರೆದುಕೊಂಡು ಕೂತಿದ್ದರೆ ಯಾರಿಗಾದರೂ ಹಾಗೇ ಅನ್ನಿಸೀತು. ನಮ್ಮ ಕಾರವಾರದ ಕಡೆ ಅದಕ್ಕೆ ಭೋಂಗಾ ಎನ್ನುತ್ತಾರೆ. ಊರಿಗೆಲ್ಲ ಕೇಳಲಿ ಎಂದು ಮರಕ್ಕೆ ಕಟ್ಟುವ ವಸ್ತು ಅದು. ಅದನ್ನು ಮನೆಯೊಳಗೆ ತಂದು, ಎದುರಿಗೆ ಕುರ್ಚಿ ಹಾಕಿಕೊಂಡು, ಬಾಗಿಲು ಹಾಕಿಕೊಂಡು ಕೂತವನು ಈ ಅಂಕೋಲೆ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಹಾಡು ಕೇಳಲಿಕ್ಕೆ ಎಂದರೆ ಜನ ನಂಬುವುದಿಲ್ಲ. ಈಗ ಅಂಗೈಯಷ್ಟು ಡಬ್ಬಿಯಿಂದ ಮನೆ ನಡುಗುವಷ್ಟು ಸದ್ದು ಬರುತ್ತದೆ. ಬರಲಿ, ನನಗೆ ಬೇಡ. ಭೋಂಗಾಕ್ಕೆ ಇಂಪು ಗಿಂಪು ತಿಳಿಯದು, ತಬಲಾವನ್ನು ತಗಡು ಮಾಡಿಬಿಡುತ್ತದೆ. ಆದರೆ ಮಾತನ್ನು ಅದು ನುಂಗುವುದಿಲ್ಲ. ಗಾಳಿಯಿರಲಿ, ಗದ್ದಲವಿರಲಿ, ಆಡಿದ ಮಾತನ್ನು ಅಕ್ಷರ ಬಿಡಿಸಿ ದೂರದವನ ಕಿವಿಗೆ ಹಾಕುವುದೇ ಅದರ ಕೆಲಸ. ನನಗೆ ಬೇಕಾಗಿದ್ದದ್ದು ಒಬ್ಬಳ ಮಾತು ಮಾತ್ರ. ನನ್ನ ಹೆತ್ತ ಅವ್ವಿಯದು.

ನಮ್ಮ ಮೂಲ ಮನೆ ಚೆಂಡಿಯಾದಲ್ಲಿತ್ತು. ಆ ಜಾಗ ಈಗ ನೌಕಾನೆಲೆಯ ಗೋಡೆಯ ಒಳಗಿದೆ. ಅದು ಇನ್ನೂ ನಮ್ಮದಾಗಿದ್ದ ಕಾಲದಲ್ಲಿ ನನ್ನ ಅಕ್ಕನ ಮದುವೆಯಾಯಿತು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಹೆಂಗಸರು ಒಳಗಿನ ಕೋಣೆಯಲ್ಲಿ ಕೂತು ಅರಿಶಿನ ಅರೆಯುತ್ತ ಹಾಡುತ್ತಾರೆ. ಆ ಹೊತ್ತಿಗೆ ಗಂಡಸರು ಅಲ್ಲಿಗೆ ಕಾಲಿಡುವಂತಿಲ್ಲ. ಮದುಮಗಳ ತಂದೆಯಾದರೂ ಸರಿ, ಅವನ ಜಾಗ ಜಗಲಿ. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತು ಅಡಿಕೆ ಕತ್ತರಿಸುತ್ತ ಕೆಮ್ಮುತ್ತಿದ್ದ. ಅಪ್ಪನಿಗೆ ಆಗಲೇ ಕೆಮ್ಮು ಹತ್ತಿತ್ತು.

ಆ ಮದುವೆಗೆ ಸದಾಶಿವಗಡದಿಂದ ಮೈಕ್ ಸೆಟ್ ಬಂದಿತ್ತು. ಮೈಕಿನವನು ಅಂಗಳದ ತೆಂಗಿನ ಮರ ಹತ್ತಿ ಭೋಂಗಾ ಕಟ್ಟಿ ಇಳಿದವನು, ಸುಮ್ಮನಿರಲಾರದೆ ಮೈಕನ್ನೂ ಬಾಗಿಲ ಸಂದಿಯಿಂದ ಹೆಂಗಸರ ಕೈಗೆ ಕೊಟ್ಟ. ಅವ್ವಿ ಬೇಡ ಬೇಡ ಎಂದು ಮೈಕನ್ನು ಎರಡೆರಡು ಸಲ ದೂಡಿದಳಂತೆ. ಅದನ್ನು ನಾನು ನೋಡಲಿಲ್ಲ. ಹೆಂಗಸರು ಒಳಗೆ ಸೇರುವ ಮೊದಲೇ ಗೆಳೆಯನೊಬ್ಬನ ಟೇಪ್ ರೆಕಾರ್ಡರನ್ನು ಆ ಕೋಣೆಯ ಕಿಟಕಿಯಲ್ಲಿಟ್ಟು, ಗುಂಡಿ ಒತ್ತಲು ಚಿಕ್ಕಮ್ಮನಿಗೆ ಹೇಳಿಕೊಟ್ಟು, ಸಮುದ್ರದ ದಂಡೆಯ ಸೋದರಮಾವನ ಮನೆಗೆ ದೊಡ್ಡ ಹಂಡೆ ತರಲು ಹೋಗಿದ್ದೆ.

ಹಂಡೆ ಹೊತ್ತುಕೊಂಡು ಮರಳಲ್ಲಿ ಬರುತ್ತಿದ್ದಾಗ ಆ ಧ್ವನಿ ಬಂತು. ಸಂಜೆಯ ಬಿಸಿಲಿತ್ತು, ದೋಣಿಗಳು ದಂಡೆಗೆ ಬಂದಿದ್ದವು. ತೆಂಗಿನ ತೋಪಿನ ಮೇಲಿಂದ ಯಾವಳೋ ಹೆಂಗಸು ಹಾಡುತ್ತಿದ್ದಳು. ಎಷ್ಟು ಚಂದ ಹಾಡುತ್ತಾಳಲ್ಲ, ಯಾರಿವಳು ಎಂದು ನಿಂತೆ. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಒಲೆಯ ಮುಂದೆ ಗುನುಗುವ ಅವ್ವಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ, ಆದರೆ ಅವಳಿಗೆ ಇಂಥ ದನಿ ಇದೆಯೆಂದು ಗೊತ್ತಿರಲಿಲ್ಲ. ಬಲೆ ಬಿಡಿಸುತ್ತಿದ್ದವರು ಕೂಡ ಕೈ ಬಿಟ್ಟು ಕೇಳಿದರು. ಹಂಡೆಯನ್ನು ಮರಳ ಮೇಲಿಟ್ಟು ಅದರ ಪಕ್ಕ ಕೂತುಬಿಟ್ಟೆ. ತಡವಾಗಿ ಬಂದೆನೆಂದು ಆಮೇಲೆ ಅಪ್ಪನಿಂದ ಬೈಸಿಕೊಂಡೆ.

ಆ ಕ್ಯಾಸೆಟ್ ಒಂದು ಉಳಿಯಿತು. ಉಳಿದದ್ದು ಹೆಚ್ಚೇನಿಲ್ಲ. ಊರು ಬಿಡುವಾಗ ಎಲ್ಲರಂತೆ ನಾವೂ ಮನೆ ಬಿಚ್ಚಿ ಹಂಚು, ಸೂರಿನ ಪಕಾಸಿ, ಬಾಗಿಲು ಲಾರಿಗೆ ಹಾಕಿಕೊಂಡು ಈ ನಿರಾಶ್ರಿತರ ಕಾಲನಿಗೆ ಬಂದೆವು. ಒಂದೇ ಊರಿನವರನ್ನು ನಾಲ್ಕು ದಿಕ್ಕಿಗೆ ಹಂಚಿಹಾಕಿದ್ದರು. ಅಕ್ಕಪಕ್ಕದವರು ಅಮದಳ್ಳಿ ಕಡೆಗೆ ಹೋದರು, ನಾವು ಅಂಕೋಲೆ ಕಡೆಗೆ ಬಂದೆವು. ಇಲ್ಲಿ ಅವ್ವಿ ಹಾಡಲಿಲ್ಲ. ಕಾಲನಿಯಲ್ಲಿ ಮದುವೆಗಳಾದವು, ಕರೆದರು, ಹೋಗಿ ಕೂತು ಎದ್ದು ಬಂದಳು. ಜತೆಗೆ ಎತ್ತಿಕೊಳ್ಳುವವರೇ ಇಲ್ಲ ಎನ್ನುತ್ತಿದ್ದಳು. ಅವರ ಹಾಡಿಗೆ ಒಬ್ಬಳು ಹೇಳಿದರೆ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಅಪ್ಪ ಮೊದಲು ಹೋದ, ಮರುಮಳೆಗಾಲಕ್ಕೆ ಅವಳೂ ಹೋದಳು.

ನಾನು ದೂರವಾಣಿ ಇಲಾಖೆಯಲ್ಲಿದ್ದವನು. ಲೈನಿನಲ್ಲಿ ಸಣ್ಣ ಗರಗರ ಕೇಳಿದರೆ ಸಾಕು, ಯಾವ ಜಾಯಿಂಟಿಗೆ ಉಪ್ಪು ಹಿಡಿದಿದೆ ಎಂದು ಕೂತಲ್ಲೇ ಹೇಳುತ್ತಿದ್ದೆ. ಕಂಬ ಹತ್ತಿ ನೋಡಿದರೆ ಹಾಗೇ ಇರುತ್ತಿತ್ತು. ಈ ಕಿವಿಯ ಬಗ್ಗೆ ನನಗೆ ಬಹಳ ಜಂಬವಿತ್ತು. ನಿವೃತ್ತಿಯ ಹೊತ್ತಿಗೆ ಸದಾಶಿವಗಡದ ಅದೇ ಮೈಕಿನವನು ಅಂಗಡಿ ಮುಚ್ಚುತ್ತಾನೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವಳ ಗಂಡನ ಮನೆ ಅಲ್ಲೇ. ಮದುವೆಗೆಲ್ಲ ಡಿಜೆ ಬಂದಮೇಲೆ ಭೋಂಗಾ ಕೇಳುವವರಿರಲಿಲ್ಲ. ಹೋಗಿ ನೋಡಿದೆ. ಮೂಲೆಯಲ್ಲಿ ಎರಡು ಭೋಂಗಾ ಬೋರಲಾಗಿ ಬಿದ್ದಿದ್ದವು. ಚೆಂಡಿಯಾಕ್ಕೆ ತಂದದ್ದು ಇವೇನಾ ಎಂದು ಕೇಳಿದರೆ, ಇವೇ, ಬೇರೆ ಎಲ್ಲಿಂದ ಬರಬೇಕು ಎಂದ. ಎರಡನ್ನೂ ಬಸ್ಸಿನ ಹಿಂದಿನ ಸೀಟಿನಲ್ಲಿ ಮಕ್ಕಳಂತೆ ಕೂರಿಸಿಕೊಂಡು ಬಂದೆ.

ಬಯಲಿನ ವಸ್ತುವನ್ನು ಕೋಣೆಗೆ ಹೊಂದಿಸುವುದು ಸುಲಭವಿರಲಿಲ್ಲ. ಮೊದಲ ದಿನ ಹಾಕಿದಾಗ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, ಎಲೆಕ್ಷನ್ ಬಂತಾ ಎಂದಳು. ಹಲ್ಲು ಜುಮ್ಮೆನ್ನುವಷ್ಟು ಚೂಪು. ಗೋಡೆಗೆ ಗೋದಡಿ ಬಂದದ್ದು ಆಗ. ಭೋಂಗಾದ ಕತ್ತಿನೊಳಗೆ ಹತ್ತಿಯ ಕಾಲುಚೀಲ ತುರುಕಿದೆ, ಚೂಪು ಇಳಿಯಿತು. ತಗ್ಗಿನ ಸ್ವರ ಭೋಂಗಾದಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ದೊಡ್ಡ ಸ್ಪೀಕರೇ ಬೇಕು. ಹಳೆಯ ಮನೆಯ ಮುಂಬಾಗಿಲಿನ ಹಲಸಿನ ಹಲಗೆ ಮಹಡಿಯಲ್ಲಿ ಬಿದ್ದಿತ್ತು. ಬಡಗಿಯಿಂದ ಅದರ ಪೆಟ್ಟಿಗೆ ಮಾಡಿಸಿ, ಸ್ಪೀಕರ್ ಕೂರಿಸಿ, ಭೋಂಗಾಗಳನ್ನು ಅದರ ಮೇಲಿಟ್ಟೆ. ಚಿಲಕದ ತೂತು ಈಗಲೂ ಪೆಟ್ಟಿಗೆಯ ಮುಂದೆ ಕಾಣುತ್ತದೆ.

ಕ್ಯಾಸೆಟ್ ಸವೆದು ಹೋಗದಿರಲಿ ಎಂದು ಹಾಡನ್ನು ಕಾರವಾರದ ಒಂದು ಸ್ಟುಡಿಯೋದಲ್ಲಿ ಪೆನ್‌ಡ್ರೈವಿಗೆ ಹಾಕಿಸಿದ್ದೆ. ಕಿಟಕಿಯಲ್ಲಿಟ್ಟ ಟೇಪಿಗೆ ಒಳಗಿನ ಹಾಡಿನ ಜತೆ ಜಗಲಿಯ ಅಪ್ಪನ ಕೆಮ್ಮೂ ಸೇರಿಕೊಂಡಿತ್ತು. ಸರಿಯಾಗಿ ಅವ್ವಿ ದನಿ ಏರಿಸುವಲ್ಲಿ ಅಪ್ಪ ಕೆಮ್ಮುತ್ತಾನೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಈ ಕೆಮ್ಮು ತೆಗೆದುಬಿಡು ಮಾರಾಯ ಎಂದು ಸ್ಟುಡಿಯೋದವನಿಗೆ ಹೇಳಿದೆ. ಆತ ಎಷ್ಟೋ ಹೊತ್ತು ಒದ್ದಾಡಿ, ಕೆಮ್ಮು ತೆಗೆದರೆ ಅದರ ಕೆಳಗಿನ ಹಾಡೂ ಹೋಗುತ್ತದೆ, ಏನು ಮಾಡಲಿ ಎಂದ. ಇರಲಿ ಬಿಡು ಎಂದು ಸಿಡುಕಿಕೊಂಡೇ ತಂದೆ.

ಎಲ್ಲ ಹೊಂದಿದ ಮೇಲೆ ಅಕ್ಕನನ್ನು ಕರೆಸಿದೆ. ಅವಳು ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು. ಅವ್ವಿ ಹಾಡಿದಳು. ಅರೆಯುವ ಕಲ್ಲಿಗೆ ಬಳೆ ತಾಗುವುದು, ಸಾಲಿನ ನಡುವೆ ಅವಳು ಉಸಿರು ಎಳೆದುಕೊಳ್ಳುವುದು ಎಲ್ಲ ಬಂತು. 'ಹೊಳೆ ದಾಟಿ ಹೋಗೂ ಮಗಳೇ, ಹೊಳೆಗೊಂದು ಮಾತ ಹೇಳಿ ಹೋಗೆ' ಎಂಬಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಳಿ ಹೊಳೆ ದಾಟಿ ಹೋದ ಮಗಳು ಅವಳೇ ತಾನೆ. ನನ್ನ ಕಣ್ಣೆದುರು ಮರಳೂ ಹಂಡೆಯೂ ಆ ಬಿಸಿಲೂ ಬಂದು ಕೂತವು. ಅವತ್ತು ನನಗಾದ ಸಂತೋಷ ನಿವೃತ್ತಿಯ ನಂತರ ಇನ್ನಾವುದರಿಂದಲೂ ಆಗಿಲ್ಲ. ಆಮೇಲೆ ಅದೊಂದು ಪದ್ಧತಿಯೇ ಆಯಿತು. ಭಾನುವಾರ ಊಟ ಮುಗಿಸಿ ನಾನು, ಹೆಂಡತಿ, ಬಿಡುವಾದಾಗ ಬಸ್ಸು ಹತ್ತಿ ಬರುವ ಅಕ್ಕ ಮೂವರೂ ಕೋಣೆಯಲ್ಲಿ ಕೂತು ಅವ್ವಿಯನ್ನು ಕೇಳುತ್ತಿದ್ದೆವು. ಉಳಿದ ದಿನ ನಾನೊಬ್ಬನೇ ಕೂರುತ್ತಿದ್ದೆ.

ಒಂದು ಮಳೆಗಾಲ ಕಳೆದ ಮೇಲೆ ದನಿ ಮಂಕಾದಂತೆ ಕಂಡಿತು. ರಾಗ ಬರುತ್ತಿತ್ತು, ಮಾತು ಬಿಡಿಸಿ ಬರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಿದ ಹಾಗೆ. ಪೆನ್‌ಡ್ರೈವಿಗೆ ತುಕ್ಕು ಹಿಡಿಯದು. ಹಾಗಾದರೆ ಭೋಂಗಾಕ್ಕೇ ಆಗಿದೆ. ಏನಾಗಿದೆ ಎಂದು ನಮ್ಮ ಕಡೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಸೈಕಲ್ ರಿಮ್ಮು, ಕಿಟಕಿಯ ಸರಳು, ಫ್ರಿಜ್ಜಿನ ಬುಡ, ಇಸ್ತ್ರಿ ಪೆಟ್ಟಿಗೆ, ಏನೇ ಕೆಡಲಿ, ಕಾರಣ ಉಪ್ಪು ಗಾಳಿ. ಜೀವಮಾನವಿಡೀ ಲೈನಿನ ಉಪ್ಪು ಕೆರೆದವನಿಗೆ ಬೇರೆ ಕಾರಣ ಹೊಳೆಯುವುದಾದರೂ ಹೇಗೆ. ಭೋಂಗಾದ ಹಿಂದಿನ ಯುನಿಟ್ ಬಿಚ್ಚಿದೆ. ಅದರೊಳಗೆ ತೆಳ್ಳಗಿನ ಪೊರೆಯಿರುತ್ತದೆ, ಅದು ಅದುರಿದರೇ ದನಿ. ಅಂಚಿನಲ್ಲಿ ಬಿಳಿ ಬೂಷ್ಟು ಕಂಡಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಹೊಸ ಪೊರೆ ಹಾಕಿಸಿದೆ. ಎರಡು ದಿನ ಚೆನ್ನಾಗಿದೆ ಅನ್ನಿಸಿತು, ಮತ್ತೆ ಮಂಕು. ಯುನಿಟ್ಟನ್ನೇ ಬದಲಾಯಿಸಿದೆ. ಕಾರವಾರದ ರಿಪೇರಿಯವನು ನನ್ನನ್ನು ದೂರದಿಂದ ಕಂಡರೇ, ಮತ್ತೆ ಉಪ್ಪಾ ಸರ್ ಎನ್ನತೊಡಗಿದ. ಕೋಣೆಯ ತೇವ ಹೋಗಲೆಂದು ಹಗಲೂ ದೊಡ್ಡ ಬಲ್ಬು ಉರಿಸಿಟ್ಟೆ, ಹಾಡು ಹಾಕದಾಗ ಭೋಂಗಾದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆ, ಸಮುದ್ರದ ಕಡೆಯ ಕಿಟಕಿಗೆ ಹಲಗೆ ಹೊಡೆಸಿದೆ. ಕತ್ತಿನ ಕಾಲುಚೀಲವನ್ನು ಕಿತ್ತು ಮೂಲೆಗೆ ಬಿಸಾಕಿದೆ. ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಅದೂ ಸಾಲದೆಂದು ಸದ್ದು ಏರಿಸಿದೆ. ಕುರ್ಚಿಯನ್ನು ಭೋಂಗಾದ ಬಾಯಿಯ ಹತ್ತಿರ ಹತ್ತಿರ ಎಳೆದುಕೊಂಡೆ.

ಈ ಮಧ್ಯೆ ಹೆಂಡತಿಗೆ ಭಾನುವಾರ ಮಧ್ಯಾಹ್ನವೇ ಹಿತ್ತಿಲಲ್ಲಿ ಕೆಲಸ ಬೀಳತೊಡಗಿತು. ಅಕ್ಕ ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ ಎಂದಳು. ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ಮುಚ್ಚಿಕೊಂಡರು. ಯಾರಿಗೂ ಅವ್ವಿ ಬೇಡವಾದಳು ಎಂದು ನನಗೆ ಸಿಟ್ಟು ಬಂತು. ಒಂದಿಷ್ಟು ದಿನ ಮನೆಯಲ್ಲಿ ಮಾತು ಬಿಟ್ಟೆ. ಮಾತು ಬಿಟ್ಟದ್ದರಿಂದ ನನಗೆ ಎಷ್ಟು ಕೇಳುತ್ತದೆ, ಎಷ್ಟು ಕೇಳುವುದಿಲ್ಲ ಎಂಬುದು ನನಗೂ ತಿಳಿಯದೇ ಹೋಯಿತು.

ಗಣೇಶ ಚವತಿಗೆ ಅಕ್ಕ ಬಂದಳು. ಚವತಿಗೆ ತವರಿಗೆ ಬಾರದೆ ಇರಲು ಮಂಡಿನೋವು ಸಾಕಾಗುವುದಿಲ್ಲ. ಊಟವಾದ ಮೇಲೆ ಒತ್ತಾಯ ಮಾಡಿ ಕೋಣೆಗೆ ಕರೆದೊಯ್ದೆ. ಹಿಂದಿನ ವಾರವಷ್ಟೇ ಮತ್ತೆ ಪೊರೆ ಹಾಕಿಸಿದ್ದೆ. ಹಾಡು ಹಚ್ಚಿದೆ. ಅಕ್ಕ ಕಿವಿಗೆ ಸೆರಗು ಒತ್ತಿಕೊಂಡಳು. ಹಿಂದೊಮ್ಮೆ ಬಾಯಿಗೆ ಒತ್ತಿಕೊಂಡಿದ್ದಳು.

"ನೋಡು, ಪೂರಾ ಹಾಳಾಗ್ಹೋಗದೆ. ಒಂದ್ ಮಾತೂ ಬಿಡಿಸಿ ಬರ್ತಾ ಇಲ್ಲ," ಎಂದೆ.

ಅಕ್ಕ ಎದ್ದು ಹೋಗಿ ತಾನೇ ಸದ್ದಿನ ಗುಂಡಿ ಕೆಳಗಿಳಿಸಿದಳು. ಎಷ್ಟು ಇಳಿಸಿದಳೆಂದರೆ ನನ್ನ ಪಾಲಿಗೆ ಕೋಣೆ ಖಾಲಿಯಾಯಿತು. ಆಮೇಲೆ ನನ್ನ ಎದುರಿಗೆ ಬಂದು, ಮುಖ ನೋಡುತ್ತ ಗಟ್ಟಿಯಾಗಿ ಹೇಳಿದಳು.

"ಎಲ್ಲಾ ಬರ್ತದೆ ತಮ್ಮಾ. ಈಗ್ಲೂ ಬರ್ತಾ ಅದೆ. ಅವ್ವಿ ಬಳೆ ಸದ್ದೂ ಕೇಳ್ತದೆ ನಂಗೆ."

"ನಿಂಗೆ ಹಾಡು ಬಾಯಿಪಾಠ ಅದೆ. ಅದ್ಕೇ ಕೇಳ್ದ ಹಾಗೆ ಆಗ್ತದೆ," ಎಂದೆ.

"ಹಂಗಾರೆ ಎಲ್ಲಿಂದಾದ್ರೂ ಹಚ್ಚು," ಎಂದು ಅವಳು ಗೋಡೆಯ ಕಡೆ ತಿರುಗಿ ಕೂತಳು.

ಹಾಡನ್ನು ನಡುವೆ ಎಲ್ಲಿಗೋ ಓಡಿಸಿ ಬಿಟ್ಟೆ. ಅವಳು ಗಟ್ಟಿಯಾಗಿ ಸಾಲು ಸಾಲಾಗಿ ಒಪ್ಪಿಸಿದಳು. ಹಾಡಿನ ಸಾಲಷ್ಟೇ ಅಲ್ಲ. ಈಗ ಚಿಕ್ಕಮ್ಮ ನಗ್ತಾಳೆ, ಈಗ ಯಾರೋ ನೀರು ಕೇಳ್ತಾರೆ, ಈಗ ಅವ್ವಿ ಕಲ್ಲು ತೊಳಿತಾಳೆ. ಟೇಪಿನಲ್ಲಿ ಇವೆಲ್ಲ ಇದ್ದದ್ದು ನನಗೆ ಗೊತ್ತಿತ್ತು. ಎಷ್ಟೋ ಕಾಲದಿಂದ ಅವು ಕೇಳಿಲ್ಲ ಎಂಬುದು ಆ ಕ್ಷಣದವರೆಗೆ ಗಮನಕ್ಕೇ ಬಂದಿರಲಿಲ್ಲ. ನಾನು ಭೋಂಗಾದ ಬಾಯಿಗೆ ಕಿವಿ ಇಟ್ಟೆ. ತಗಡು ತಣ್ಣಗಿತ್ತು. ಒಳಗೆ ಗುಂಯ್ ಎನ್ನುವುದು ಬಿಟ್ಟರೆ ಏನಿಲ್ಲ.

ಹೆಂಡತಿ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಳು.

"ನಿಂಗೂ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು. ಕುಕ್ಕರ್ ಸೀಟಿ ಹೊಡಿತಾ ಇದ್ರೂ ಅದ್ರ ಪಕ್ಕ ನಿಂತು ಸೀಟಿ ಯಾಕೆ ಬರ್ಲಿಲ್ಲ ಅಂತ ಕೇಳ್ದ್ರಲ್ಲ, ಆವಾಗ್ಲೇ ಗೊತ್ತಾಯ್ತು. ನೀವು ಉಪ್ಪು ಅಂದ್ರಿ. ನಾನೂ ಉಪ್ಪೇ ಇರ್ಲಿ ಅಂದೆ. ಉಪ್ಪಾದ್ರೆ ಒರೆಸೂಕಾದ್ರೂ ಬರ್ತದೆ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೂ ಬರಲಿಲ್ಲ. ದನಿ ಎಲ್ಲೂ ಹೋಗಿರಲಿಲ್ಲ, ಆ ಕೋಣೆಯಲ್ಲೇ, ನಾನು ಮಾಡಿಸಿದ ಪೆಟ್ಟಿಗೆಯಲ್ಲೇ ಇತ್ತು. ಅದು ಅಕ್ಕನಿಗೆ, ಹೆಂಡತಿಗೆ, ಗೋಡೆಯಾಚೆಯ ನೆರೆಯವರಿಗೆ ಕೂಡ ಕೇಳುತ್ತಿತ್ತು. ನನಗೊಬ್ಬನಿಗೆ ಕೇಳುತ್ತಿರಲಿಲ್ಲ. ಹಾಳಾಗಿದೆ ಎಂದು ನಂಬಿದ್ದಾಗ ರಿಪೇರಿಯ ಆಸೆಯಾದರೂ ಇತ್ತು.

ಕಾರವಾರದ ಕಿವಿ ಡಾಕ್ಟರು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದರು. ಗೋಡೆಗೆ ಮೆತ್ತನೆಯ ಹೊದಿಕೆಯಿದ್ದ ಆ ಕೋಣೆ ನನ್ನ ಕೋಣೆಯಂತೆಯೇ ಇತ್ತು. ಬಹಳ ಹೊತ್ತು ಬೆರಳೆತ್ತದೆ ಕೂತಿದ್ದೆ. ದೊಡ್ಡ ಸದ್ದಿನ ಹತ್ತಿರ ಕೆಲಸ ಮಾಡಿದ್ದೀರಾ ಎಂದು ಕೇಳಿದರು. ಕಚೇರಿಯ ಜನರೇಟರ್ ಕೋಣೆ ನೆನಪಾಗಿ ಅದನ್ನು ಹೇಳಿದೆ. ಪಕ್ಕದಲ್ಲಿದ್ದ ಹೆಂಡತಿ, ಮನೆಯಲ್ಲಿ ಭೋಂಗಾ ಇದೆ ಎಂದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ವಯಸ್ಸೂ ಇರಬಹುದು, ಅದೂ ಇರಬಹುದು, ಯಾವುದೆಂದು ಹೇಳಲಾಗದು, ಆದರೆ ಹೋದದ್ದು ಬರುವುದಿಲ್ಲ ಎಂದರು. ಕೇಳದ್ದಕ್ಕೆ ಏರಿಸಿದೆ, ಏರಿಸಿದ್ದಕ್ಕೆ ಇನ್ನಷ್ಟು ಹೋಯಿತೋ ಏನೋ. ಬಸ್ಸಿನಲ್ಲಿ ಬರುತ್ತ ಅದನ್ನೇ ತಿರುವಿ ತಿರುವಿ ಯೋಚಿಸಿದೆ. ನೌಕಾನೆಲೆಯ ಗೋಡೆ ಎಂದಿನಂತೆ ಎಷ್ಟೋ ಹೊತ್ತು ಕಿಟಕಿಯ ಹೊರಗೆ ಬಂತು.

ಕಿವಿಗೆ ಮಷೀನು ಕೊಟ್ಟಿದ್ದಾರೆ. ಅದರಿಂದ ಮನೆಯವರ ಮಾತು ಕೇಳುತ್ತದೆ, ಬಸ್ಸಿನ ಕಂಡಕ್ಟರನ ಮಾತೂ ಕೇಳುತ್ತದೆ. ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಹಾಕಿಕೊಂಡು ಭೋಂಗಾದ ಮುಂದೆ ಕೂತರೆ ಕೀಂ ಎನ್ನುತ್ತದೆ. ಅವ್ವಿಯ ಜಾಗದಲ್ಲಿ ಯಾವುದೋ ತಗಡಿನ ಹೆಂಗಸು ಹಾಡುತ್ತಾಳೆ. ಅವಳ ಗುರುತು ನನಗಿಲ್ಲ. ಒಂದೆರಡು ಸಲ ನೋಡಿ ಬಿಟ್ಟೆ.

ಭೋಂಗಾಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳುವವರಿದ್ದಾರೆ. ಹೆಂಡತಿ ಹಾಗೆ ಹೇಳಲಿಲ್ಲ. ಕಿಟಕಿಗೆ ಹೊಡೆದ ಹಲಗೆ ಮಾತ್ರ ಕಿತ್ತು ಹಾಕಿಸಿದಳು. ಕಾಲುಚೀಲಗಳು ಮತ್ತೆ ಭೋಂಗಾದ ಕತ್ತಿಗೆ ಹೋಗಿವೆ. ಸದ್ದು ಎಲ್ಲಿರಬೇಕೆಂದು ಈಗ ಅವಳೇ ನೋಡಿ ಇಡುತ್ತಾಳೆ. ಅಕ್ಕನ ಮಂಡಿನೋವು ವಾಸಿಯಾಗಿದೆ, ಭಾನುವಾರ ಬರುತ್ತಾಳೆ. ಇಬ್ಬರೂ ನೆಲದ ಮೇಲೆ ಕೂತು ಕೇಳುತ್ತಾರೆ. ಅಕ್ಕ ಈಚೆಗೆ ಅವ್ವಿಯ ಸಾಲಿನ ಹಿಂದೆ ತಾನೂ ಎತ್ತಿಕೊಳ್ಳುತ್ತಾಳೆಂದು ತುಟಿ ನೋಡಿ ತಿಳಿದುಕೊಂಡೆ. ಹೆಂಡತಿಯೂ ಕಲಿತಿರಬೇಕು, ಅವಳ ತುಟಿಯೂ ಅಲ್ಲಾಡುತ್ತದೆ.

ನಾನು ಮಷೀನು ತೆಗೆದು ಜೇಬಿಗೆ ಹಾಕಿಕೊಂಡು, ಹಲಸಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಹಾಡು ಬರುವುದಿಲ್ಲ. ಕೊನೆಗೆ ಅವ್ವಿ ದನಿ ಏರಿಸುವ ಜಾಗ ಬಂದಿರಬೇಕು, ಅಕ್ಕನ ಕತ್ತು ಸ್ವಲ್ಪ ಮೇಲಾಗುತ್ತದೆ. ಆಗ ಹಲಗೆಯೊಳಗಿಂದ ಬೆನ್ನಿಗೆ ತಾಗುವಂತೆ, ಸ್ಪಷ್ಟವಾಗಿ, ಅಪ್ಪ ಕೆಮ್ಮುತ್ತಾನೆ. ಅದೊಂದು ಕೇಳುತ್ತದೆ. ಒಳಗೆ ಹೆಂಗಸರು ಹಾಡುತ್ತಿದ್ದಾರೆ, ಹೊರಗೆ ಜಗಲಿಯಲ್ಲಿ ಅಪ್ಪನ ಪಕ್ಕ ನಾನೂ ಕೂತಿದ್ದೇನೆ.